ಎರಡು ಫ್ಲಾಪಿ ಡ್ರೈವಿನ ಸಂಸಾರ

ಮಧುಗಿರಿಯಲ್ಲಿ ಹಳೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡ ನನಗೆ ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಮೆಷಿನ್ನಿನ ಹಿಂದೆಯೇ ಅದರ ಮನೆಯವರೂ ಬರುತ್ತಾರೆ. ಹೋದ ವರ್ಷ ಒಂದೇ ಕೆಲಸದಲ್ಲಿ ಇಷ್ಟೆಲ್ಲ ಆಯಿತು.

೧. ಸುಳ್ಳು ಹೇಳುವ ಡಬ್ಬಿ

ಕೊರಟಗೆರೆಯ ಮೇಡಂ ಒಬ್ಬರು ಮನೆಗೆ ಕರೆಸಿದರು. ಅವರ ಯಜಮಾನರು ಊರಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದವರು, ಈಗಿಲ್ಲ. ಅವರ ಕಂಪ್ಯೂಟರ್ ಉಳಿದಿದೆ. ಅವರೇ ಬರೆದ ಒಂದು ಪ್ರೋಗ್ರಾಂ ಫ್ಲಾಪಿಯಲ್ಲಿದೆ. ಆ ಫ್ಲಾಪಿ ಈಗೀಗ ಕೈಕೊಡುತ್ತಿದೆ.

"ಎಮ್ಯುಲೇಟರ್ ಅಂತ ಬರ್ತದೆ ಮೇಡಂ. ಈ ಡ್ರೈವಿನಷ್ಟೇ ದೊಡ್ಡ ಡಬ್ಬಿ. ಅದಕ್ಕೆ ಪೆನ್‌ಡ್ರೈವ್ ಸಿಗಿಸಿದ್ರೆ ಕಂಪ್ಯೂಟರ್ ಫ್ಲಾಪಿ ಅಂತಲೇ ತಿಳ್ಕೊಳ್ತದೆ."

"ಹಾಕು. ಆದ್ರೆ ಹಳೇದನ್ನ ಕೀಳ್ಬೇಡ ಕಣಪ್ಪ. ಅದರ ಕರಕರ ಸದ್ದು ಇದ್ರೇನೇ ಮನೆ ಮನೆಯಂಗಿರ್ತದೆ." ಆಮೇಲೆ ಕೇಳಿದರು, "ಅಂದ್ರೆ ಆ ಡಬ್ಬಿ ಕಂಪ್ಯೂಟರ್‌ಗೆ ಸುಳ್ಳು ಹೇಳ್ತದಾ?"

"ಒಂಥರಾ ಹಂಗೇ."

"ನಮ್ಮೆಜಮಾನ್ರು ಈ ಕಂಪ್ಯೂಟರ್‌ಗೆ ಒಂದು ದಿನವೂ ಸುಳ್ಳು ಹೇಳಿರ್ಲಿಲ್ಲ. ನನಗೆ ಹೇಳ್ತಿದ್ರು, ಅದು ಬೇರೆ."

೨. ಶಿರಾದ ಆಂಟಿಕ್

ಎರಡು ಡ್ರೈವ್ ಒಟ್ಟಿಗೆ ನಡೆಯಬೇಕಾದರೆ ಎರಡು ಬಾಯಿಯ ಹಳೇ ಪಟ್ಟಿ ಕೇಬಲ್ ಬೇಕು. ಶಿರಾದ ಗುಜರಿ ಸಾಹೇಬರ ರಾಶಿಯಲ್ಲಿ ಸಿಕ್ಕಿತು, ಟೊಮೊಟೊ ಗಿಡ ಕಟ್ಟೋಕೆ ಎತ್ತಿಟ್ಟಿದ್ದರು.

"ಇದು ಕಸ ಅಲ್ವಾ ಸಾಹೇಬ್ರೇ, ಕೊಟ್ಬುಡಿ" ಅಂದೆ.

"ಕಸಾನೇ ಭಾಯ್, ನೀವು ಬರೋ ತನಕ. ಮಧುಗಿರಿಯಿಂದ ಹುಡ್ಕೊಂಡು ಬಂದ್ರಲ್ಲ, ಈಗ ಆಂಟಿಕ್!"

೩. ಇಬ್ಬರೂ ಓಗೊಟ್ಟರು

ಕಂಪ್ಯೂಟರನ್ನು ಅಂಗಡಿಗೆ ತಂದು ಎಮ್ಯುಲೇಟರ್ ಜೋಡಿಸಿದೆ. ಆನ್ ಮಾಡಿದರೆ ಎರಡರ ದೀಪವೂ ಒಟ್ಟಿಗೆ ಹತ್ತಿ ಕಂಪ್ಯೂಟರ್ ಕಕ್ಕಾಬಿಕ್ಕಿ. ನಾನು ಪಿನ್ ತಪ್ಪಾಗಿ ಹಾಕಿದ್ದರಿಂದ ಎರಡೂ ತಾನೇ ಮೊದಲನೇ ಡ್ರೈವ್ ಅಂದುಕೊಂಡಿದ್ದವು.

ಪ್ರಿಂಟರ್ ರಿಪೇರಿಗೆ ಬಂದಿದ್ದ ಪಾವಗಡದವರೊಬ್ಬರು ನೋಡುತ್ತಾ ನಿಂತಿದ್ದರು. "ಅಂತೇ ಕದಣ್ಣಾ, ಅಷ್ಟೇ ಅಲ್ವಾ! ನಮ್ಮ ಮನೇಲಿ ಅಣ್ಣ ತಮ್ಮ ಇಬ್ಬರಿಗೂ ತಾತನ ಹೆಸರೇ. ಊಟಕ್ಕೆ ಕೂಗಿದ್ರೆ ಇಬ್ರೂ ಬರ್ತೀವಿ. ಕೆಲಸಕ್ಕೆ ಕೂಗಿದ್ರೆ, ಕರೆದಿದ್ದು ಅವನನ್ನ ಅಂತ ಇಬ್ರೂ ಸುಮ್ಕಿರ್ತೀವಿ."

ಪಿನ್ ಬದಲಾಯಿಸಿ, ಹೊಸದನ್ನು ಎರಡನೆಯದು ಮಾಡಿದೆ.

೪. ತೀರ್ಪು

ಮತ್ತೆ ಕೊರಟಗೆರೆ. ಮೇಡಂ ತಾವೇ ಫ್ಲಾಪಿ ಹಾಕಿದರು. ಹಳೇ ಡ್ರೈವಿನಿಂದ ಹೊಸದಕ್ಕೆ ಕಾಪಿ ಶುರುವಾಯಿತು. ಅರ್ಧಕ್ಕೆ ನಿಂತಿತು. ಓದಲಾಗುತ್ತಿಲ್ಲ ಅಂತ ತೆರೆ ಮೇಲೆ ಬಂತು. ಮೇಡಂ ಡ್ರೈವಿನ ಮೇಲೆ ಅಂಗೈ ಇಟ್ಟು ಕೂತರು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಡ್ರೈವಿನ ಓದುವ ಹೆಡ್ ಒರೆಸಿ, ಮತ್ತೆ ಹಾಕಿದೆ. ಕರಕರ ಎಂದು ಒದ್ದಾಡಿ, ಕೊನೆಗೂ ಪೂರ್ತಿ ಓದಿತು.

ಫ್ಲಾಪಿ ತೆಗೆದು, ಎಮ್ಯುಲೇಟರಿನಿಂದಲೇ ಪ್ರೋಗ್ರಾಂ ತೆರೆದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: 'ಯಾರದು ತಪ್ಪು? ಒಂದು, ಗಂಡ. ಎರಡು, ಹೆಂಡತಿ.'

"ಜಗಳ ಆಡ್ದಾಗೆಲ್ಲ ಇದನ್ನೇ ಕೇಳ್ತಿದ್ವಿ" ಅಂದರು ಮೇಡಂ, ಒಂದನ್ನು ಒತ್ತಿದರು.

ಕಂಪ್ಯೂಟರ್ ತುಸು ಯೋಚಿಸಿತು. 'ಹೆಂಡತಿಯದೇ ತಪ್ಪು.'

ಎರಡನ್ನು ಒತ್ತಿದರು. 'ಹೆಂಡತಿಯೇ ಒಪ್ಪಿದ್ದಾಳೆ.'

ತೆರೆ ಮೇಲಿನ ಆ ಸಾಲನ್ನು ಬೆರಳಿನಿಂದ ಸವರಿದರು. ಆಮೇಲೆ ಮೆಲ್ಲಗೆ, "ಇದು ಇನ್ನು ಎಷ್ಟು ದಿನ ಬರ್ತದಪ್ಪ?"

"ಕಾಪಿ ಮಾಡಿಡ್ತಾ ಇದ್ರೆ ಯಾವತ್ತೂ ಕೆಡಲ್ಲ ಮೇಡಂ."

"ಅಯ್ಯೋ! ಫ್ಲಾಪಿ ಕೆಟ್ರೆ ಕೇಸು ಮುಗೀತಿತ್ತು. ನಂದೇ ತಪ್ಪು ಅನ್ನೋದನ್ನ ನೀನು ಪರ್ಮನೆಂಟ್ ಮಾಡ್ಬುಟ್ಟಲ್ಲೋ!"