ನಾಲ್ಕು ಟಿಪ್ಪರಿನ ಸಾಹುಕಾರ

ಅಂಗಡಿಯವರಿಗೆ ನನ್ನ ಮುಖ ಕಂಡರೆ ಏನೋ ಪ್ರೀತಿ. ಯಾರೂ ಕೊಳ್ಳದೆ ವರ್ಷಗಟ್ಟಲೆ ಮೂಲೆಯಲ್ಲಿ ಕೂತಿದ್ದ ಸರಕು, ನಾನು ಹೊಸ್ತಿಲು ದಾಟಿದ ಕೂಡಲೇ ಧೂಳು ಕೊಡವಿಸಿಕೊಂಡು ನನ್ನ ಕೈಗೆ ಬಂದು ಸೇರುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಒಪ್ಪದಿದ್ದರೂ ಮನೆಯಲ್ಲಿ ಸಾಕ್ಷಿಗಳಿವೆ. ಸದ್ದೇ ಮಾಡುವುದಿಲ್ಲ ಎಂದು ಹೇಳಿ ಕೊಟ್ಟ ಫ್ಯಾನು ಕರೆಂಟು ಹೋದಾಗ ಮಾತ್ರ ಆ ಮಾತು ಉಳಿಸಿಕೊಳ್ಳುತ್ತದೆ. ಗ್ರೈಂಡರನ್ನು ಅಡುಗೆಮನೆಯಲ್ಲಿ ಹಚ್ಚಿದರೆ, ಹಿಟ್ಟು ನುಣ್ಣಗಾಗುವ ಹೊತ್ತಿಗೆ ಅದು ಪಡಸಾಲೆಗೆ ಬಂದಿರುತ್ತದೆ. ಹಂಪಿಯ ಬಜಾರಿನಲ್ಲಿ ದೂರ ದೇಶದಿಂದ ಬಂದವರು ಮೋಸ ಹೋಗುವುದುಂಟು, ಪಾಪ, ಅವರಿಗೇನು ಗೊತ್ತು. ಆದರೆ ಪಕ್ಕದ ಹೊಸಪೇಟೆಯಲ್ಲೇ ಹುಟ್ಟಿ ಬೆಳೆದ ನಾನು ಅಲ್ಲಿ ಅರಸರ ಕಾಲದ ಹಿತ್ತಾಳೆ ದೀಪ ಕೊಂಡು, ಮನೆಗೆ ಬಂದು ತಿರುಗಿಸಿ ನೋಡಿದರೆ, ತಳದಲ್ಲಿ 'ಎಲ್ಲ ತೆರಿಗೆಗಳೂ ಸೇರಿ' ಎಂಬ ಚೀಟಿ ಅಂಟಿಕೊಂಡಿತ್ತು. ಆ ದೀಪವನ್ನು ನನ್ನ ಹೆಂಡತಿ ಗಿರಿಜಾ ಇವತ್ತಿಗೂ ದೇವರ ಮುಂದೆ ಇಟ್ಟಿಲ್ಲ. ಬಂದ ನೆಂಟರಿಗೆ ತೋರಿಸಲು ಇಟ್ಟಿದ್ದಾಳೆ.

ಇಂಥವನು ಕಾರು ಕೊಳ್ಳಬೇಕಾಗಿ ಬಂತು. ನಾನು ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವವನು. ಚಿತ್ತವಾಡ್ಗಿಯಲ್ಲಿ ಮನೆ, ಗಿರಿಜಾ, ಇಬ್ಬರು ಹೆಣ್ಣುಮಕ್ಕಳು, ನಮ್ಮವ್ವ, ಒಂದು ಸ್ಕೂಟರು. ಹೇಗೋ ನಡೆಯುತ್ತಿತ್ತು. ಆದರೆ ಅವ್ವನ ಮೊಣಕಾಲು ಕೈಕೊಟ್ಟ ಮೇಲೆ ಆಕೆಗೆ ಸ್ಕೂಟರು ಹತ್ತಲಾಗಲಿಲ್ಲ, ಬಸ್ಸಿನ ಮೆಟ್ಟಿಲಂತೂ ದೂರದ ಮಾತು. ಆಕೆಯ ಒಬ್ಬಳೇ ಅಕ್ಕ ಕಂಪ್ಲಿಯಲ್ಲಿದ್ದಳು. ಆಕೆಗೂ ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಬಾಡಿಗೆ ಜೀಪು ಮಾಡೋಣವೆಂದರೆ ಆಗ ಊರಿನ ಜೀಪುಗಳೆಲ್ಲ ಸಂಡೂರಿನ ಗಣಿಗಳಿಗೆ ತಿಂಗಳ ಲೆಕ್ಕದಲ್ಲಿ ಹೋಗಿಬಿಟ್ಟಿದ್ದವು. ಮುದುಕಿಯೊಬ್ಬಳನ್ನು ಕಂಪ್ಲಿಗೆ ಕರೆದೊಯ್ಯಲು ಯಾರಿಗೂ ಪುರುಸೊತ್ತಿರಲಿಲ್ಲ. "ನಮ್ಮಕ್ಕನ ಮಾರಿ ನೋಡಿ ಎರಡು ವರ್ಷಾತು. ಆಕಿಗೆ ಕಣ್ಣು ಪೂರಾ ಹೋಗೂದ್ರಾಗ ಒಮ್ಮಿ ನನ್ನ ತೋರಿಸಿ ಬರ್ಬೇಕು," ಎಂದು ಅವ್ವ ಒಂದು ದಿನ ಊಟಕ್ಕೆ ಕೂತಾಗ ಹೇಳಿದಳು. ಅಷ್ಟೇ ಹೇಳಿದ್ದು. ಕೈ ತೊಳೆದು ಎದ್ದವನೇ ನಾನು ಕಾರಿನ ಮಾತು ತೆಗೆದೆ.

ಕಾರು ಕೊಳ್ಳುವುದಕ್ಕೆ ಗಿರಿಜಾ ಒಪ್ಪಿದಳು, ಆದರೆ ಕರಾರು ಹಾಕಿದಳು. "ನೀವು ಗಾಡಿ ನೋಡಬ್ಯಾಡ್ರಿ. ಮೊದ್ಲು ನಂಬಿಗಸ್ತ ಅಂಗಡಿ ಹುಡುಕ್ರಿ. ಗಾಡಿ ನಾವೆಲ್ಲ ಹೋಗಿ ನೋಡೋಣಂತ." ಈ ಒಂದು ಸಲವಾದರೂ ಮೋಸ ಹೋಗದೆ ಬರಬೇಕು ಎಂದು ನಾನೂ ಹಲ್ಲು ಕಚ್ಚಿ ನಿರ್ಧರಿಸಿದೆ.

ಊರಿನ ದೊಡ್ಡ ಶೋರೂಮಿಗೆ ಹೊರಟ ದಿನ ಇಸ್ತ್ರಿ ಮಾಡಿದ ಪ್ಯಾಂಟು, ಒಳಗೆ ಸೇರಿಸಿದ ಅಂಗಿ, ಪಾಲಿಶ್ ಹಾಕಿದ ಬೂಟು ತೊಟ್ಟೆ. ಮದುವೆಯಲ್ಲೂ ನಾನು ಅಷ್ಟು ನೀಟಾಗಿರಲಿಲ್ಲ. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರೆ ಟೈ ಕಟ್ಟಿದ ಸೇಲ್ಸ್‌ಮನ್ ನನ್ನ ಬೂಟು ನೋಡಿದ, ಮೇಲೆ ನೋಡಲಿಲ್ಲ. ಸಣ್ಣ ಕಾರು ಬೇಕಾಗಿತ್ತು ಎಂದೆ. "ಆರು ತಿಂಗಳು ವೇಟಿಂಗ್ ಐತ್ರಿ. ಹೆಸರು ಬರಿಸಿ ಹೋಗ್ರಿ," ಎಂದು ಕಂಪ್ಯೂಟರಿಗೆ ಹೇಳಿದ. ಅಷ್ಟರಲ್ಲಿ ಗಾಜಿನ ಬಾಗಿಲಿನ ಹೊರಗೆ ಒಬ್ಬ ಬಂದು ನಿಂತ. ಹವಾಯಿ ಚಪ್ಪಲಿ, ಮೊಣಕಾಲಿನವರೆಗೆ ಕೆಂಪು ಧೂಳು, ಗುಂಡಿ ಹರಿದ ಅಂಗಿ. ಇವನನ್ನು ಈಗ ಅಲ್ಲಿಂದಲೇ ಅಟ್ಟುತ್ತಾರೆ ಎಂದುಕೊಂಡೆ. ಸೇಲ್ಸ್‌ಮನ್ ಕುರ್ಚಿ ಬೀಳುವಂತೆ ಎದ್ದು ಓಡಿಹೋಗಿ ಬಾಗಿಲು ತೆಗೆದು, "ಬರ್ರಿ ಸಾವ್ಕಾರ್ರ, ಕುಂದ್ರಿ," ಎಂದ. ನೋಡಿದರೆ ನನ್ನ ಹೈಸ್ಕೂಲು ಗೆಳೆಯ, ಗಾದಿಗನೂರಿನ ಎರ್ರಿಸ್ವಾಮಿ. ಜೋಳ ಬೆಳೆಯುತ್ತಿದ್ದ ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟ ಮೇಲೆ ಅವನ ದೆಸೆ ತಿರುಗಿತ್ತು.

ಹೊರಗೆ ಬಂದ ಮೇಲೆ ಎರ್ರಿಸ್ವಾಮಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ಲೇ ವೀರೇಶ, ಇಸ್ತ್ರಿ ಬಟ್ಟಿ ಹಾಕ್ಕೊಂಡು ಬಂದ್ರ ಯಾರ್ ಕೇಳ್ತಾರಲೇ. ಇಸ್ತ್ರಿ ಅಂದ್ರ ಪಗಾರದಾಂವ ಅಂತ ಅರ್ಥ. ರೊಕ್ಕ ಇದ್ದಾಂವ ಇಸ್ತ್ರಿ ಯಾಕ ಮಾಡ್ತಾನ, ಹೊರಗ ಕಾಲಿಟ್ರ ಹೆಂಗೂ ಕೆಂಪಾಗೂದ." ನಾನು ಯೋಚನೆ ಮಾಡುತ್ತ ಮನೆಗೆ ಬಂದೆ. ನಾಲ್ಕೈದು ವರ್ಷಗಳಲ್ಲಿ ನಮ್ಮೂರು ಹೀಗೆ ತಿರುಗುಮುರುಗಾಗಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಜೊತೆಗೆ ಒಂದು ಉಪಾಯವೂ ಹೊಳೆಯಿತು. ಒಂದೇ ಅಂಗಡಿಗೆ ಒಮ್ಮೆ ಪಗಾರದವನಾಗಿ, ಒಮ್ಮೆ ಸಾಹುಕಾರನಾಗಿ ಹೋಗಬೇಕು. ಎರಡು ಸಲವೂ ಒಂದೇ ಮಾತು ಹೇಳಿದರೆ ಅದು ನಂಬಿಗಸ್ತ ಅಂಗಡಿ. ನಕ್ಷೆ ಬರೆಯುವಾಗ ಎರಡು ಕಡೆಯಿಂದ ಅಳತೆ ತೆಗೆದು ತಾಳೆ ನೋಡುತ್ತೇವಲ್ಲ, ಹಾಗೆ. ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ. ಗಿರಿಜಾಗೆ ಮಾತ್ರ ಹೇಳಲಿಲ್ಲ.

ಸಾಹುಕಾರನಾಗಲು ಹೆಚ್ಚು ಖರ್ಚಾಗಲಿಲ್ಲ. ಬಚ್ಚಲುಮನೆಗೆ ಹಾಕಿಕೊಳ್ಳುವ ಹವಾಯಿ ಚಪ್ಪಲಿ ಮೆಟ್ಟಿ, ಸುಣ್ಣ ಬಳಿಯುವಾಗ ಹಾಕಿದ ಅಂಗಿ ತೊಟ್ಟು, ಸಂಡೂರು ರಸ್ತೆಯಲ್ಲಿ ಹತ್ತು ನಿಮಿಷ ನಿಂತೆ. ಅದಿರು ಲಾರಿಗಳು ಒಂದರ ಹಿಂದೊಂದು ಹೋದವು. ಹುಬ್ಬಿನಿಂದ ಹಿಡಿದು ಕಾಲಿನ ಉಗುರಿನವರೆಗೆ ಸಾಹುಕಾರನಾದೆ. ಶೋರೂಮಿನಲ್ಲಿ ಅದೇ ಸೇಲ್ಸ್‌ಮನ್ ಓಡಿ ಬಂದು ಬಾಗಿಲು ತೆಗೆದ. ಗುರುತು ಹಿಡಿಯುತ್ತಾನೇನೋ ಎಂಬ ಹೆದರಿಕೆ ಬೇಕಿರಲಿಲ್ಲ. ಹಿಂದಿನ ಸಲ ಅವನು ನೋಡಿದ್ದು ನನ್ನ ಬೂಟುಗಳನ್ನು. ತಣ್ಣಗಿನ ಬಾದಾಮಿ ಹಾಲು ಬಂತು. ಸಣ್ಣ ಕಾರು ಬೇಕೆಂದೆ.

"ಮನಿ ಡ್ರೈವರಿಗೇನ್ರಿ?" ಎಂದು ಕೇಳಿದ.

"ನಮ್ಮವ್ವಗ."

"ನಾಳಿ ಮುಂಜಾನಿ ಮನಿ ಮುಂದ ನಿಲ್ಲಿಸ್ಲೇನ್ರಿ ಸಾವ್ಕಾರ್ರ?"

ಆರು ತಿಂಗಳು ಒಂದೇ ರಾತ್ರಿಗೆ ಇಳಿದಿತ್ತು. ನನ್ನ ಪರೀಕ್ಷೆ ಮುಗಿಯಿತು, ಅಂಗಡಿ ನಪಾಸು. ಅಲ್ಲಿಗೆ ಎದ್ದು ಬರಬೇಕಾಗಿತ್ತು. ಆದರೆ ಹುಟ್ಟಿದಾಗಿನಿಂದ ಯಾವ ಅಂಗಡಿಯವನೂ ನನಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ, ಬಾದಾಮಿ ಹಾಲು ಎರಡನೇ ಲೋಟ ಬೇರೆ ಬಂದಿತ್ತು. "ಮಾಲಕರದು ಟಿಪ್ಪರ್ ಲಾರಿ ಏಜೆನ್ಸಿನೂ ಐತ್ರಿ. ತಮಗ ಎಷ್ಟು ಬೇಕಾಗ್ತಾವ?" ಎಂದು ಅವನು ಕೇಳಿದಾಗ, ಬಾಯಿ ಒರೆಸಿಕೊಂಡು, "ಸದ್ಯಕ್ಕ ನಾಕು ಸಾಕು," ಎಂದೆ. ಹೇಳುವಾಗ ಏನು ಸುಖವಾಗಿತ್ತು ಅಂತೀರಿ. ಫೋನ್ ನಂಬರು ಕೇಳಿದ. ಬೇರೆ ಯಾರ ನಂಬರೂ ಬಾಯಿಪಾಠವಿರಲಿಲ್ಲವಾದ್ದರಿಂದ ನಮ್ಮ ಮನೆಯದನ್ನೇ ಕೊಟ್ಟೆ.

ಆಗ ಪಕ್ಕದ ಕುರ್ಚಿಯಲ್ಲಿ ಬಿಳಿ ಧೋತರ ಉಟ್ಟ ಹಿರಿಯರೊಬ್ಬರು ಕೂತಿದ್ದರು. ಶೋರೂಮಿನ ಮಾಲೀಕರಿಗೆ ಮಗಳ ಲಗ್ನಪತ್ರಿಕೆ ಕೊಡಲು ಬಂದಿದ್ದರಂತೆ. ನನ್ನ ನಾಲ್ಕು ಟಿಪ್ಪರು ಕೇಳಿ ಈ ಕಡೆ ತಿರುಗಿದರು. ಎದುರಿಗಿದ್ದವರನ್ನು ಬಿಟ್ಟು ಪತ್ರಿಕೆ ಕೊಡುವುದು ಚೆನ್ನಾಗಿರುವುದಿಲ್ಲ ಎಂದೋ ಏನೋ, ಇನ್ನೊಂದು ಲಕೋಟೆ ತೆಗೆದು, ಪೆನ್ನು ಹಿಡಿದು, "ತಮ್ಮ ಹೆಸರೇನ್ರಿ?" ಎಂದರು. ನನಗೆ ಗಾಬರಿಯಾಯಿತು. ಬಾಯಿಗೆ ಬಂದ ಹೆಸರು ಹೇಳಿದೆ: "ಎರ್ರಿಸ್ವಾಮಿ." ನಮ್ಮ ಕಡೆ ಓಣಿಗೊಬ್ಬ ಎರ್ರಿಸ್ವಾಮಿ ಇರುವುದರಿಂದ ಸೇಲ್ಸ್‌ಮನ್‌ಗೂ ಅನುಮಾನ ಬರಲಿಲ್ಲ. ಅವರು 'ಶ್ರೀ ಎರ್ರಿಸ್ವಾಮಿ ಸಾಹುಕಾರರು, ಕುಟುಂಬ ಸಮೇತ' ಎಂದು ದುಂಡಗೆ ಬರೆದು, ಅಕ್ಷತೆ ಕೊಟ್ಟು, ಕೈ ಮುಗಿದು, "ತಪ್ಪದ ಬರಬೇಕ್ರಿ," ಎಂದರು. ಮನೆಯಲ್ಲಿ ಗಿರಿಜಾ ನೋಡಬಾರದೆಂದು ಆ ಪತ್ರಿಕೆಯನ್ನು ಬಿಚ್ಚಿ ಕೂಡ ನೋಡದೆ ಕಚೇರಿಯ ಹಳೇ ನಕ್ಷೆಯ ಸುರುಳಿಯೊಳಗೆ ತೂರಿಸಿಬಿಟ್ಟೆ.

ಎರಡು ವಾರ ಕಳೆಯಿತು. ನನ್ನಿಂದ ಏನೂ ಆಗದ್ದನ್ನು ಕಂಡು ಗಿರಿಜಾ ತಾನೇ ಹುಡುಕಿದಳು. ಅವಳು ಯಾವ ಶೋರೂಮಿಗೂ ಹೋಗಲಿಲ್ಲ. ನಮ್ಮ ಓಣಿಯ ಕೊನೆಗೆ ಗ್ಯಾರೇಜು ಇಟ್ಟಿರುವ ಖಾಜಾಸಾಬರ ಹತ್ತಿರ ಹೋಗಿ, ರಿಪೇರಿಗೆ ಯಾವ ಅಂಗಡಿಯ ಗಾಡಿಗಳು ಕಡಿಮೆ ಬರುತ್ತವೆ ಎಂದು ಕೇಳಿದಳು. ಖಾಜಾಸಾಬರು ನಿಟ್ಟುಸಿರು ಬಿಟ್ಟರಂತೆ. "ಕಾಲುವಿ ಕಡಿ ಚನ್ನಬಸಪ್ಪನೋರು ಅಂತ ಅದಾರಮ್ಮಾ. ಅವರು ಕೊಟ್ಟ ಗಾಡಿ ನಮ್ಮ ಕಡಿ ಬರಂಗ ಇಲ್ಲ. ಗಿರಾಕಿಗೆ ಎಲ್ಲಾ ಮೊದ್ಲ ಹೇಳಿ ಕೊಡ್ತಾರ. ಅವರಿಂದ ನಮ್ಗ ಭಾಳ ಲುಕ್ಸಾನು." ನಾನು ಎರಡು ವೇಷ ಹಾಕಿ ಮಾಡಲಾಗದ್ದನ್ನು ಅವಳು ತರಕಾರಿ ಚೀಲ ಹಿಡಿದುಕೊಂಡು ಮಾಡಿಬಂದಿದ್ದಳು.

ಭಾನುವಾರ ಅವ್ವನನ್ನು ಆಟೋದಲ್ಲಿ ಕೂಡಿಸಿಕೊಂಡು ಮೂವರೂ ಹೋದೆವು. ಗಾಜಿಲ್ಲ, ಟೈ ಇಲ್ಲ. ತಗಡಿನ ಶೆಡ್ಡು, ಒಳಗೆ ಎರಡು ಕಾರು, ಮೇಜಿನ ಮೇಲೊಂದು ಉದ್ದನೆಯ ಪುಸ್ತಕ. ಪುಸ್ತಕದ ಹಿಂದೆ ಕೂತಿದ್ದವರು ತಲೆ ಎತ್ತಿದರು. ಅದೇ ಬಿಳಿ ಧೋತರ. ಲಗ್ನಪತ್ರಿಕೆ ಕೊಟ್ಟ ಹಿರಿಯರೇ ಈ ಚನ್ನಬಸಪ್ಪನವರು. ಇಸ್ತ್ರಿ ಬಟ್ಟೆಯಲ್ಲಿದ್ದೇನೆ, ಗುರುತು ಸಿಗಲಿಕ್ಕಿಲ್ಲ ಎಂದು ಒಂದು ಕ್ಷಣ ಆಸೆ ಇತ್ತು. ಆದರೆ ಚನ್ನಬಸಪ್ಪನವರು ಬೂಟು ನೋಡುವ ಜಾತಿಯವರಲ್ಲ, ಮುಖ ನೋಡುವವರು.

"ಬರ್ರಿ ಎರ್ರಿಸ್ವಾಮಿ ಸಾವ್ಕಾರ್ರ. ಲಗ್ನಕ್ಕ ಬರಲೇ ಇಲ್ಲಲ್ರಿ."

ಗಿರಿಜಾ ನನ್ನ ಕಡೆ ನೋಡಿದಳು. ಅವ್ವ, "ಎರ್ರಿಸ್ವಾಮಿ ಅಲ್ರಿ, ಇವ ನಮ್ಮ ವೀರೇಶ," ಎಂದಳು.

"ಹೌದಾ? ಟಿಪ್ಪರ್ ಬಂದ್ವೇನ್ರಿ ನಾಕೂ?"

ಇನ್ನು ಮುಚ್ಚಿಡುವುದೇನು ಉಳಿದಿತ್ತು. ಬಚ್ಚಲು ಚಪ್ಪಲಿಯಿಂದ ಹಿಡಿದು ಎರಡನೇ ಲೋಟ ಬಾದಾಮಿ ಹಾಲಿನವರೆಗೆ ಎಲ್ಲ ಒಪ್ಪಿಸಿದೆ. ಕೊನೆಗೆ, ನಂಬಿಗಸ್ತ ಅಂಗಡಿ ಹುಡುಕುವುದಕ್ಕೇ ಹೀಗೆ ಮಾಡಿದ್ದು ಎಂದು ಸ್ವಲ್ಪ ಎದೆ ಉಬ್ಬಿಸಿಯೇ ಹೇಳಿದೆ. ಚನ್ನಬಸಪ್ಪನವರು ನಗುತ್ತಾರೆಂದು ಕಾದೆ. ಅವರು ನಗಲಿಲ್ಲ.

"ಅಂಗಡ್ಯಾಂವ ಖರೇ ಹೇಳ್ತಾನೋ ಇಲ್ಲೋ ನೋಡಾಕ ನೀವು ಸುಳ್ಳು ಹೇಳಿದ್ರಿ. ಈಗ ಗಿರಾಕಿ ಖರೇ ಹೇಳ್ತಾನೋ ಇಲ್ಲೋ ನಾ ಹೆಂಗ ನೋಡ್ಲಿ?" ಎಂದರು. "ನಿಮ್ಮಂಗ ನೀಟಾಗಿ ಬಂದು, ಮನಿಗೆ ಬೇಕು ಅಂತ ಹೆಸರು ಬರಿಸಿ, ಗಾಡಿ ಬಂದ ಮರುದಿನ ಗಣಿಯೋರಿಗೆ ಮಾರೋರು ಭಾಳ ಮಂದಿ ಆಗ್ಯಾರ್ರಿ. ಖರೇ ಬೇಕಾದೋರು ಕಾಯ್ಕೋತ ಕುಂದ್ರತಾರ. ಅದಕ್ಕ ನಾ ಗೊತ್ತಿದ್ದೋರಿಗೇ ಕೊಡ್ತೀನಿ. ತಪ್ಪು ತಿಳೀಬ್ಯಾಡ್ರಿ." ಹೇಳಿ ಪುಸ್ತಕ ಮುಚ್ಚಿದರು.

ಊರಿಗೆಲ್ಲ ಒಂದೇ ನಂಬಿಗಸ್ತ ಅಂಗಡಿ, ಅದರ ಬಾಗಿಲನ್ನು ನಾನೇ ಹಾಕಿಸಿದ್ದೆ. ಅವ್ವ ಮೊಣಕಾಲಿಗೆ ಕೈಯೂರಿ ನಿಧಾನಕ್ಕೆ ಎದ್ದಳು. ಹೊರಡುತ್ತಾಳೆ ಎಂದುಕೊಂಡೆ. ಆಕೆ ಮೇಜಿನ ಹತ್ತಿರ ಹೋದಳು.

"ನೀವು ಹೇಳೂದು ಖರೇ ಐತ್ರಿ. ಇವನ್ನ ನಂಬಬ್ಯಾಡ್ರಿ. ಸಣ್ಣಾಂವ ಇದ್ದಾಗಿಂದ ಹಿಂಗ, ಶಾಣ್ಯಾತನ ಮಾಡಾಕ ಹೋಗಿ ಕೆಡಿಸ್ಕೊಂಡು ಬರ್ತಾನ. ನನಗ ಬಸ್ ಹತ್ತಾಕ ಆಗಂಗಿಲ್ಲ. ನಮ್ಮಕ್ಕ ಕಂಪ್ಲ್ಯಾಗ ಅದಾಳ, ಆಕಿ ಕಣ್ಣು ಹೋಗಾಕತ್ತಾವ. ಗಾಡಿ ನನ್ನ ಹೆಸರಿಗೆ ಬರೀರಿ. ನಾ ಯಾರಿಗೂ ಮಾರಂಗಿಲ್ಲ."

ನನ್ನ ಪರವಾಗಿ ಒಂದು ಮಾತೂ ಇಲ್ಲ. ಗಿರಿಜಾ ತಲೆಯಾಡಿಸುತ್ತಿದ್ದಳು. ಚನ್ನಬಸಪ್ಪನವರು ಎದ್ದು ನಿಂತು, ಅವ್ವನಿಗೆ ತಮ್ಮ ಕುರ್ಚಿ ಕೊಟ್ಟು, ಪುಸ್ತಕ ತೆರೆದರು. "ಹೆಸರು ಹೇಳ್ರಿ ಅವ್ವಾರ."

"ಪಾರ್ವತಮ್ಮ."

ಆಮೇಲೆ ನಡೆದದ್ದು ಅವರಿಬ್ಬರ ಮಧ್ಯೆ. ಮೂರು ತಿಂಗಳು ಕಾಯಬೇಕು, ಮುಂದಿನ ಹೆಸರುಗಳನ್ನು ದಾಟಿ ಕೊಡುವುದಿಲ್ಲ ಎಂದರು. ಅವ್ವ ಆಗಲಿ ಎಂದಳು. ಹಿಂದಿನ ಸೀಟಿನಲ್ಲಿ ಮೂರು ಜನ ಕೂರಬಹುದು ಎಂದು ಕಂಪನಿಯವರು ಬರೆದಿದ್ದಾರೆ, ಎರಡೂವರೆ ಜನ ಕೂರಬಹುದು ಎಂದರು. ಬಿಳಿ ಬಣ್ಣ ಬೇಡ, ಈ ಊರಿನಲ್ಲಿ ಅದು ವಾರವೂ ಬಿಳಿ ಉಳಿಯುವುದಿಲ್ಲ ಎಂದರು. ಒಳಗಿನಿಂದ ಒಂದು ಮಣೆ ತರಿಸಿ, ಕಾರಿನ ಬಾಗಿಲ ಕೆಳಗೆ ಇಟ್ಟು, ಅವ್ವನಿಗೆ ಹತ್ತಿ ಇಳಿದು ನೋಡಲು ಹೇಳಿದರು. "ಹತ್ತೂದು ಎಲ್ಲಾರೂ ನೋಡ್ತಾರ್ರಿ. ಮೊಣಕಾಲಿಗೆ ತ್ರಾಸು ಇಳೀಬೇಕಾದ್ರ." ಅವ್ವ ಎರಡು ಸಲ ಹತ್ತಿ ಇಳಿದು ಪಾಸು ಮಾಡಿದಳು. ಆ ಮಣೆಯನ್ನು ಕಾರಿನ ಜೊತೆಗೇ ಕೊಟ್ಟರು.

ಮೂರು ತಿಂಗಳಿಗೆ ಸರಿಯಾಗಿ ಕಾರು ಬಂತು. ಕೀಲಿ ಅವ್ವನ ಕೈಗೆ ಕೊಟ್ಟು, ನನ್ನ ಕಡೆ ಕಣ್ಣಿನಲ್ಲೇ ತೋರಿಸಿ, "ಡ್ರೈವರ್ ಹೊಸಬ ಅದಾನ್ರಿ, ಮುಂದ ಕುಂತು ಲಕ್ಷ್ಯ ಇಡ್ರಿ," ಎಂದರು ಚನ್ನಬಸಪ್ಪನವರು. ಅಂದೇ ಕಮಲಾಪುರದ ಮೇಲೆ ಹಾದು ಕಂಪ್ಲಿಗೆ ಹೋದೆವು. ದೊಡ್ಡವ್ವ ಬಾಗಿಲಲ್ಲಿ ಕೂತಿದ್ದಳು. ಅವ್ವ ಮಣೆಯ ಮೇಲೆ ಕಾಲಿಟ್ಟು ಇಳಿದು ಹೋಗಿ ಮುಂದೆ ನಿಂತರೆ, ಆಕೆ ಎರಡೂ ಕೈಯಿಂದ ಅವ್ವನ ಮುಖ ಹಿಡಿದು, ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಬಾನೆಟ್ ಎತ್ತಿ ಏನೋ ರಿಪೇರಿ ಮಾಡುವವನ ಹಾಗೆ ಕಣ್ಣು ಒರೆಸಿಕೊಂಡೆ. "ಕಾರು ಯಾರದಬೇ?" ಎಂದು ದೊಡ್ಡವ್ವ ಕೇಳಿದಳು. "ನಂದು," ಎಂದಳು ಅವ್ವ.

ಈಗ ಮನೆಗೆ ಆಗಾಗ ಎರಡು ಫೋನು ಬರುತ್ತವೆ. ಒಂದು ಆ ಗಾಜಿನ ಶೋರೂಮಿನದು, ಟಿಪ್ಪರಿನ ಎರ್ರಿಸ್ವಾಮಿ ಸಾವ್ಕಾರ್ರನ್ನು ಕೇಳಿಕೊಂಡು. "ಸಾವ್ಕಾರ್ರು ಹಾಲಿನ ಪಾಕೀಟು ತರಾಕ ಹೋಗ್ಯಾರ್ರಿ," ಎಂದು ಗಿರಿಜಾ ಬಹಳ ಮರ್ಯಾದೆಯಿಂದ ಉತ್ತರ ಕೊಡುತ್ತಾಳೆ. ಇನ್ನೊಂದು ಚನ್ನಬಸಪ್ಪನವರದು, ಗಾಡಿ ಹೇಗಿದೆ ಎಂದು ವಿಚಾರಿಸಲು. ಗಾಡಿ ಓಡಿಸುವವನು ನಾನು, ತೊಳೆಯುವವನು ನಾನು, ಗಾಳಿ ಹಾಕಿಸುವವನು ನಾನು. ಆದರೂ ನಾನು ಫೋನ್ ಎತ್ತಿದರೆ, "ಪಾರ್ವತಮ್ಮಾರಿಗೆ ಕೊಡ್ರಿ," ಎನ್ನುತ್ತಾರೆ. ಕೊಡುತ್ತೇನೆ. ಗಾಡಿ ಚಲೋ ಐತ್ರಿ, ಏನೂ ತ್ರಾಸಿಲ್ರಿ ಎಂದು ಅವ್ವ ಜೋರಾಗಿಯೇ ಹೇಳುತ್ತಾಳೆ. ಆಮೇಲೆ ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬರುತ್ತದೆ. ಅದರಲ್ಲಿ 'ಡ್ರೈವರ್' ಎಂಬುದೊಂದು ಬಿಟ್ಟು ನನಗೆ ಇದುವರೆಗೆ ಏನೂ ಕೇಳಿಸಿಲ್ಲ. ಅವ್ವ ಒಮ್ಮೆ ನನ್ನ ಕಡೆ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿಕೊಂಡು ಉತ್ತರ ಹೇಳುತ್ತಾಳೆ.