ಪಂಕ್ತಿಭೇದವಿಲ್ಲದ ರಾಕ್ಷಸರು

"ಇನ್ಮೇಲೆ ಈ ಮನೇಲಿ ಅನ್ಯಾಯದ ಮಾತೇ ಇಲ್ಲ ಕಣಕ್ಕ," ಎಂದು ಪಶುಪತಿ ಊಟದ ಮೇಜಿನ ಮೇಲೆ ಹೊದಿಸಿದ್ದ ಬೆಡ್‌ಶೀಟನ್ನು ಸರ್ರನೆ ಎಳೆದ. ಒಳಗಿದ್ದದ್ದು ಒಂದು ಸ್ಟೀಲಿನ ಕೈ, ಆ ಕೈಯಲ್ಲೊಂದು ಸೌಟು, ಪಕ್ಕದಲ್ಲಿ ಬಕೆಟ್ಟು, ಬಕೆಟ್ಟಿನ ತುಂಬ ಹುಣಸೆಬೀಜ. ಮೇಲೆ ಎರಡು ಕ್ಯಾಮೆರಾಗಳು ಎಲ್ಲರ ಮುಖವನ್ನೂ ಪಿಳಿಪಿಳಿ ನೋಡುತ್ತಿದ್ದವು.

ತಮ್ಮನ ಯಂತ್ರಗಳ ಮೇಲೆ ಭಾನುಮತಿಯವರಿಗೆ ನಂಬಿಕೆ ಹೋಗಿ ವರ್ಷಗಳಾಗಿದ್ದವು. ಅವನ ಬಟ್ಟೆ ಒಣಗಿಸುವ ಯಂತ್ರ ಅವರ ಸೀರೆಯನ್ನು ಎದುರುಮನೆಯ ತೆಂಗಿನಮರಕ್ಕೆ ಉಡಿಸಿದ್ದನ್ನು ಮೈಸೂರಿನ ಆ ಬೀದಿ ಇನ್ನೂ ಮರೆತಿರಲಿಲ್ಲ. ಆದರೆ ಇವತ್ತು ಅವರಿಗೆ ಬೇರೆ ದಾರಿಯಿರಲಿಲ್ಲ.

ಗಣಿತದ ಟೀಚರಾಗಿ ನಿವೃತ್ತರಾದ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಅವರ ಮನೆಯಲ್ಲಿ ಕತೆಯಾಟ ನಡೆಯುತ್ತಿತ್ತು. ಕತೆ ಹೇಳುವುದು ಅವರು. ಕಾಡು, ಕೋಟೆ, ರಾಕ್ಷಸರೆಲ್ಲ ಅವರ ಪಾಲು. ಪಕ್ಕದ ಮನೆಯ ನರ್ಸ್ ಫಿಲೋಮಿನಾ ಆಟದಲ್ಲಿ ಮಂತ್ರಗಾತಿ, ಅಂಚೆ ಕಚೇರಿಯಿಂದ ನಿವೃತ್ತರಾದ ಕೇಶವಯ್ಯ ಖಡ್ಗವೀರ. ಪೆಟ್ಟು ತಗುಲಿತೋ ತಪ್ಪಿತೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ಒಂದು ದಾಳ; ಅಂಕೆ ದೊಡ್ಡದಾದಷ್ಟೂ ವೀರರಿಗೆ ಒಳ್ಳೆಯದು. ಅದನ್ನು ಭಾನುಮತಿಯವರು ಮೊರವೊಂದನ್ನು ಅಡ್ಡ ನಿಲ್ಲಿಸಿಕೊಂಡು ಅದರ ಹಿಂದೆ ಉರುಳಿಸಿ ಎಷ್ಟು ಬಿತ್ತೆಂದು ಹೇಳುತ್ತಿದ್ದರು.

ಹೋದ ವಾರ ನೀರು ಕುಡಿಯಲು ಎದ್ದ ಕೇಶವಯ್ಯ ಮೊರದ ಹಿಂದೆ ಇಣುಕಿಬಿಟ್ಟರು. ದಾಳದಲ್ಲಿ ಬಿದ್ದಿದ್ದು ಎರಡು. ಭಾನುಮತಿಯವರ ಬಾಯಲ್ಲಿ ಬಂದದ್ದು ಹದಿನೇಳು.

"ಎರಡು ವರ್ಷದಿಂದ ನಾನು ಗೆದ್ದಿದ್ದೆಲ್ಲ ನಿಮ್ಮ ಭಿಕ್ಷೆನಾ ಟೀಚರೇ?" ಎಂದರು. ಮುಖ ಸಣ್ಣದಾಗಿತ್ತು. "ಇನ್ನೊಂದೇ ಒಂದು ಭಾನುವಾರ ಬರ್ತೀನಿ. ನ್ಯಾಯವಾಗಿ ಆಡಿಸಿದ್ರೆ ಸರಿ. ಇಲ್ಲಾಂದ್ರೆ ನನ್ನ ಖಡ್ಗಕ್ಕೊಂದು ನಮಸ್ಕಾರ."

ಅವರು ಹೋದರೆ ಉಳಿಯುವುದು ಫಿಲೋಮಿನಾ ಒಬ್ಬಳೇ. ಆಟ ಅಲ್ಲಿಗೆ ಮುಗಿಯಿತು. ಭಾನುಮತಿಯವರಿಗೆ ವಾರವಿಡೀ ಅನ್ನ ರುಚಿಸಲಿಲ್ಲ. ಮೊದಲ ದಿನ ದಾಳ ಬಿದ್ದಂತೆಯೇ ಆಡಿಸಿದ್ದಕ್ಕೆ ಕಾಲು ಗಂಟೆಯಲ್ಲಿ ಇಬ್ಬರೂ ಆಟದಲ್ಲಿ ಸತ್ತು, ಕಾಫಿಯನ್ನೂ ಕುಡಿಯದೆ ಮನೆಗೆ ಹೋಗಿದ್ದರಲ್ಲ, ಅದನ್ನು ಈಗ ಯಾರಿಗೆ ಹೇಳುವುದು?

"ಒಂದು ಬೀಜ ಅಂದ್ರೆ ಒಬ್ಬ ರಾಕ್ಷಸ," ಎಂದು ಪಶುಪತಿ ವಿವರಿಸಿದ. "ಆಡೋರ ಮುಖ ನೋಡಿ, ಮಾತು ಕೇಳಿ, ಯಾರಿಗೆ ಎಷ್ಟು ತಡ್ಕೊಳ್ಳೋ ಶಕ್ತಿಯಿದೆ ಅಂತ ಲೆಕ್ಕ ಹಾಕಿ ಅಷ್ಟೇ ಬಡಿಸುತ್ತೆ. ಪಂಕ್ತಿಭೇದ ಮಾತ್ರ ಮಾಡಲ್ಲ. ದಾಳ ಎಲ್ಲರ ಕಣ್ಣೆದುರಿಗೇ ಉರುಳಿಸು, ಮೊರ ಅಡುಗೆಮನೇಲಿಡು."

ಭಾನುಮತಿಯವರು ಮೊರವನ್ನು ಒಳಗಿಟ್ಟು ಬಂದರು.

ಮೊದಲ ಯುದ್ಧ ಚೆನ್ನಾಗಿಯೇ ನಡೆಯಿತು. ಯಂತ್ರ ಮೂರು ಬೀಜ ಬಡಿಸಿತು. ಫಿಲೋಮಿನಾಳ ಅರ್ಧ ಪ್ರಾಣ ಹೋಯಿತು, ಕೇಶವಯ್ಯನವರ ಗುರಾಣಿ ಮುರಿಯಿತು, ಕೊನೆಗೆ ಗೆದ್ದರು. ಕೇಶವಯ್ಯ ಮೀಸೆ ತಿರುವಿ, "ಇದು ನೋಡಿ, ಸ್ವಂತ ಸಂಪಾದನೆ," ಎಂದರು. ಭಾನುಮತಿಯವರ ಎದೆ ಹಗುರಾಯಿತು.

ಎರಡನೆಯ ಯುದ್ಧದಲ್ಲಿ ಐದು ಬೀಜ ಬಂದವು. ಕೇಶವಯ್ಯ ಬೆವರು ಒರೆಸಿಕೊಂಡು, "ಸಾಕಪ್ಪಾ," ಎಂದರು.

"ಸಂಕೋಚ ಮಾಡ್ಕೋಬೇಡಿ," ಎಂದಿತು ಯಂತ್ರ. ಒಂದು ಸೌಟು ತುಂಬ ರಾಕ್ಷಸರು ಅವರ ಮುಂದೆ ಬಿದ್ದರು.

"ಅಯ್ಯೋ, ಸಾಕು ಅಂದೆ!"

"ಏನು ತಿಂದಿದೀರಿ ಮಹಾ? ಇನ್ನೊಂಚೂರು," ಎಂದು ಎರಡು ಸೌಟು ಹಾಕಿತು.

ಫಿಲೋಮಿನಾ ಅವರ ನೆರವಿಗೆ ಹೋಗಿ, "ನಂಗಂತೂ ಬೇಡವೇ ಬೇಡ," ಎಂದಳು. ಅವಳಿಗೆ ಮೂರು ಸೌಟು ಬಿತ್ತು. ಆಮೇಲೆ ಪಂಕ್ತಿಭೇದವಾಗಬಾರದೆಂದು ಕೇಶವಯ್ಯನವರಿಗೆ ಮತ್ತೊಂದು.

"ಪಶು," ಎಂದರು ಭಾನುಮತಿಯವರು ತಣ್ಣಗೆ, "ಈ ಯಂತ್ರ ಮೊದಲು ಎಲ್ಲಿ ಕೆಲಸ ಮಾಡ್ತಿತ್ತು?"

ಪಶುಪತಿ ತಲೆ ಕೆರೆದುಕೊಂಡ. "ಛತ್ರದಲ್ಲಿ ಮದುವೆ ಊಟ ಬಡಿಸೋಕೆ ಮಾಡಿದ್ದು ಅಕ್ಕ. ನಮ್ಮೋರು ಸಾಕು ಅಂದ್ರೆ ನಿಜವಾಗ್ಲೂ ಸಾಕು ಅಂತಾನಾ? ಉಪಚಾರ ಮಾಡ್ಬೇಕಲ್ವಾ? ಅದನ್ನೇ ಚೆನ್ನಾಗಿ ಕಲಿಸಿದ್ದೆ."

"ಮರೆಸು ಮತ್ತೆ!"

"ಮರೆಸೋ ಗುಂಡಿ ಬೀಜದ ಕೆಳಗೆ ಹೋಗಿದೆ."

ಅಷ್ಟರಲ್ಲಿ ಮೇಜು ಕಾಣದಷ್ಟು ರಾಕ್ಷಸರಾಗಿದ್ದರು. ಮೇಜಿನಿಂದ ಜಾರಿದವರು ಸೋಫಾದ ಸಂದಿಗೆ ನುಗ್ಗಿದರು, ಒಬ್ಬ ಫಿಲೋಮಿನಾಳ ಕಾಫಿ ಲೋಟಕ್ಕೆ ಬಿದ್ದ. "ಸಾಕು ಮಾರಾಯಾ!" ಎಂದು ಪಶುಪತಿಯೇ ಕೂಗಿದ, ಯಂತ್ರ ಅವನ ಮಡಿಲಿಗೂ ಬಡಿಸಿತು. ಭಾನುಮತಿಯವರು ಕಣ್ಣು ಮುಚ್ಚಿ ಯೋಚಿಸಿದರು. ಪಂಕ್ತಿಯಲ್ಲಿ ಕೂತವರು ನಿಜವಾಗಿ ಹೊಟ್ಟೆ ತುಂಬಿದಾಗ ಏನು ಮಾಡುತ್ತಾರೆ?

"ಎಲ್ಲರೂ ಬಗ್ಗಿ, ಎರಡೂ ಕೈ ಅಡ್ಡ ಹಿಡೀರಿ. ಎಲೆಗೆ ಹಿಡಿಯೋ ಹಾಗೆ."

ನಾಲ್ವರೂ ಬಾಗಿ ಮೇಜಿನ ಮೇಲೆ ಕೈ ಅಡ್ಡ ಹಿಡಿದರು. ಸೌಟು ಗಾಳಿಯಲ್ಲೇ ನಿಂತಿತು. "ಸರಿ, ಮಜ್ಜಿಗೆಗೆ ಜಾಗ ಇಟ್ಕೊಳಿ," ಎಂದು ಯಂತ್ರ ಮಲಗಿತು.

ಯಂತ್ರವೇನೋ ನಿಂತಿತು, ರಾಕ್ಷಸರು ಎಲ್ಲಿ ಹೋಗುತ್ತಾರೆ? ಇಬ್ಬರು ವೀರರಿಗೂ ಉಳಿದದ್ದು ಒಂದೊಂದು ಚೂರು ಪ್ರಾಣ. ಕೋಟೆಯೊಳಗೆ ಓಡಿ ಬಾಗಿಲು ಹಾಕಿಕೊಳ್ಳುವುದೊಂದೇ ದಾರಿ, ಅದಕ್ಕೆ ದಾಳ ಹತ್ತು ದಾಟಬೇಕು. ಭಾನುಮತಿಯವರು ಬೀಜಗಳನ್ನು ಸರಿಸಿ ಎಲ್ಲರೆದುರಿಗೆ ದಾಳ ಉರುಳಿಸಿದರು.

ಎರಡು.

ಕೇಶವಯ್ಯ ದಾಳವನ್ನು ನೋಡಿದರು, ತಮ್ಮ ಖಡ್ಗವೀರನ ಹೆಸರು ಬರೆದ ಹಾಳೆಯನ್ನು ನೋಡಿದರು. ಎರಡು ವರ್ಷದಲ್ಲಿ ಅದರ ಮಡಿಕೆ ಹರಿದು, ಅವರೇ ಅಂಟಿಸಿ ಅಂಟಿಸಿ ಇಟ್ಟುಕೊಂಡಿದ್ದ ಹಾಳೆ ಅದು. ಆಮೇಲೆ ತಲೆಯೆತ್ತಿ ಫ್ಯಾನನ್ನು ನೋಡಿದರು.

"ಫ್ಯಾನ್ ಗಾಳಿ ಜಾಸ್ತಿ ಇದೆ ಟೀಚರೇ. ದಾಳ ಸರಿಯಾಗಿ ಉರುಳ್ಲಿಲ್ಲ. ಅಡ್ಡಕ್ಕೆ ಏನಾದ್ರೂ ಇದ್ರೆ ಒಳ್ಳೇದು. ಆ ಮೊರ ಎಲ್ಲಿಟ್ರಿ?"

ಭಾನುಮತಿಯವರು ಎದ್ದುಹೋಗಿ ಮೊರ ತಂದು ನಿಲ್ಲಿಸಿದರು. ಅದರ ಹಿಂದೆ ದಾಳ ಗಲಗಲನೆ ಉರುಳಿತು.

"ಹದಿನೇಳು," ಎಂದರು.

"ನಂಗೆ ಗೊತ್ತಿತ್ತು," ಎಂದ ಕೇಶವಯ್ಯ ಕೋಟೆಯ ಬಾಗಿಲು ಹಾಕಿಕೊಂಡರು. ನೀರು ಬೇಕಾಗಿದ್ದರೂ ಅವರು ಕುರ್ಚಿಯಿಂದ ಏಳದೆ, ಫಿಲೋಮಿನಾಳ ಕೈಲಿ ತರಿಸಿಕೊಂಡು ಕುಡಿದರು.

ಪಶುಪತಿ ಸೋಫಾದಡಿಯಿಂದ ರಾಕ್ಷಸರನ್ನು ಆರಿಸಿ ಬಕೆಟ್ಟಿಗೆ ಹಾಕುತ್ತಾ ಕೇಳಿದ. "ಸಣ್ಣ ರಿಪೇರಿ ಅಷ್ಟೇ ಅಕ್ಕ. ಮುಂದಿನ ಭಾನುವಾರಕ್ಕೆ ಮತ್ತೆ ತರಲಾ?"

ಮೂವರೂ ಬಾಗಿ, ಮೇಜಿನ ಮೇಲೆ ಎರಡೂ ಕೈ ಅಡ್ಡ ಹಿಡಿದರು.