ನನ್ನ ಗೊಬ್ಬರದ ಗುಂಡಿಯ ಮಹಜರು

ಹೊಸದುರ್ಗ ತಾಲ್ಲೂಕಿನಲ್ಲೇ ಶ್ರೇಷ್ಠವಾದ ಗೊಬ್ಬರ ತಯಾರಿಸುವವನು ನಾನೇ ಆಗಬೇಕು ಎಂದು ೨೦೦೪ರ ಯುಗಾದಿಯ ದಿನ ಬೇವು-ಬೆಲ್ಲ ಬಾಯಲ್ಲಿಟ್ಟುಕೊಂಡೇ ಶಪಥ ಮಾಡಿದೆ. ಭೂಮಿತಾಯಿಯ ಮೇಲಿನ ಭಕ್ತಿಯಿಂದ ಅನ್ನಬಹುದಿತ್ತು. ಸುಳ್ಳೇಕೆ? ಶುದ್ಧ ಹೊಟ್ಟೆಕಿಚ್ಚು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಟಲಿಂಗಪ್ಪ ಹಿತ್ತಲಿನ ಗುಂಡಿಯಲ್ಲಿ ಅಡಿಗೆಮನೆ ಕಸ ಕೊಳೆಸಿ, ಆ ಗೊಬ್ಬರದಲ್ಲಿ ಮೊಳದುದ್ದದ ಹೀರೇಕಾಯಿ ಬೆಳೆದಿದ್ದರು. ಒಂದನ್ನು ನಮಗೂ ಕೊಟ್ಟರು. ಅದೇ ಎಡವಟ್ಟಾಯಿತು. ನನ್ನ ಹೆಂಡತಿ ಅನುಸೂಯ ಅದರ ಸಿಪ್ಪೆಯ ಚಟ್ನಿ ಬಡಿಸುತ್ತಾ, "ಗಂಡಸು ಅಂದ್ರೆ ಹಂಗಿರ್ಬೇಕು ಕಣ್ರಿ. ಮುಟ್ಟಿದ್ದೆಲ್ಲ ಚಿಗುರ್ತೈತೆ" ಅಂದಳು. ಹದಿನೆಂಟು ವರ್ಷದ ಸಂಸಾರದಲ್ಲಿ ನನ್ನ ಬಗ್ಗೆ ಅಂಥದೊಂದು ಮಾತು ಆಡಿದವಳಲ್ಲ. ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿದೆ.

ಮರುದಿನವೇ ಗುಂಡಿ ತೋಡಿದೆ. ಅವರದಕ್ಕಿಂತ ಒಂದಡಿ ಆಳ.

ಅದೇ ವಾರ ನಮ್ಮ ಬೀದಿಯ ಮೂರ್ತಪ್ಪನ ಮನೆ ಗೃಹಪ್ರವೇಶ. ತಿಂಡಿಗೆ ಅಡಿಕೆ ಹಾಳೆ ತಟ್ಟೆ, ಊಟಕ್ಕೆ ಆಗ ಹೊಸದಾಗಿ ಬಂದಿದ್ದ, ಬಾಳೆಎಲೆಯಂತೆಯೇ ಹಸಿರಾಗಿದ್ದ ಪೇಪರ್ ಎಲೆ. ಕೊನೆಯ ಪಂಕ್ತಿ ಎದ್ದ ಮೇಲೆ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಎಂಜಲ ರಾಶಿಯಿಂದ ಹಾಳೆ ತಟ್ಟೆಗಳನ್ನಷ್ಟೇ ಆರಿಸಿ ಚೀಲಕ್ಕೆ ತುಂಬುತ್ತಿದ್ದರು.

"ಎಲೆ ಬ್ಯಾಡ್ವಾ ಮೇಷ್ಟ್ರೇ?"

"ಅವು ಕೊಳೆಯಲ್ಲಪ್ಪ. ನೀನೂ ಮುಟ್ಬ್ಯಾಡ."

ಓಹೋ! ನನ್ನನ್ನು ದೂರವಿಟ್ಟು, ಆಮೇಲೆ ತಾವೊಬ್ಬರೇ ಹೊತ್ತೊಯ್ಯುವ ಹುನ್ನಾರ! ಕಾಗದ ಕೊಳೆಯುವುದಿಲ್ಲವಂತೆ! ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತು ವರ್ಷ ಕಾಗದ ಕೊಳೆಸಿದ ಗುಮಾಸ್ತನಿಗೆ ಈ ಪಾಠ! ಅವರು ಬೆನ್ನು ತಿರುಗಿಸಿದ್ದೇ ತಡ, ನಾನೂರು ಎಲೆಗಳನ್ನೂ ಅನ್ನ, ಸಾರು, ಪಾಯಸದ ಸಮೇತ ತಳ್ಳುಗಾಡಿಯಲ್ಲಿ ತಂದು ಗುಂಡಿಗೆ ಸುರಿದು ಮಣ್ಣು ಮುಚ್ಚಿದೆ.

ವಾರದಲ್ಲಿ ವಾಸನೆ ಎದ್ದಿತು. ತಿಂಗಳಲ್ಲಿ ನೆಂಟರು ಬರುವುದು ನಿಂತಿತು.

"ರೀ, ಹಿತ್ತಲಾಗೆ ಏನೋ ಸತ್ತೈತೆ."

"ಸತ್ತಿಲ್ಲ ಕಣೇ, ಗೊಬ್ಬರ ಹುಟ್ತಾ ಐತೆ."

ನಾಲ್ಕು ತಿಂಗಳಾದ ಮೇಲೆ ಮಹಜರು ಇಟ್ಟುಕೊಂಡೆ. ಸಾಕ್ಷಿಗೆ ಮೇಷ್ಟ್ರನ್ನೇ ಕರೆದೆ. ಅವರ ಮುಖ ಸಣ್ಣಗಾಗುವುದನ್ನು ಅನುಸೂಯ ನೋಡಬೇಕಿತ್ತಲ್ಲ. ಗುದ್ದಲಿ ಹಾಕಿ ಎತ್ತಿದರೆ ಹಚ್ಚಹಸಿರು ಎಲೆ! ಇನ್ನೊಂದು, ಮತ್ತೊಂದು. ಒಂದೂ ಹರಿದಿಲ್ಲ, ಒಂದೂ ಮಾಸಿಲ್ಲ. ಎಲೆಗೆಲೆ ಅಂಟಿ, ನಡುವೆ ಮೂರ್ತಪ್ಪನ ಮನೆಯ ಪಾಯಸ ಮಾತ್ರ ನಾರುತ್ತಿತ್ತು. ಮೇಷ್ಟ್ರು ಉಗುರಿನಿಂದ ಕೆರೆದರು. ಎಲೆಯ ಮೇಲಿಂದ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಎದ್ದು ಬಂತು.

"ಅವತ್ತೇ ಹೇಳಿದ್ನಲ್ಲಪ್ಪ. ಹೋಗ್ಲಿ ಬಿಡು, ನಮ್ ಗುಂಡಿಯಾಗೆ ಗೊಬ್ಬರ ಬೇಕಾದಷ್ಟೈತೆ. ಎರಡು ಪುಟ್ಟಿ ತಗಂಡೋಗ್ರಿ."

ನೆಲ ಬಾಯಿ ಬಿಡಬಾರದೇ ಅನಿಸಿತು. ನಾನೇ ತೋಡಿದ್ದ ಗುಂಡಿ ಎದುರಿಗೇ ಇತ್ತು.

ಅನುಸೂಯ ಆಗಲೇ ಪುಟ್ಟಿ ಹಿಡಿದು ಹೊರಟಿದ್ದಳು. ಬೇಲಿಯ ಹತ್ತಿರ ತಿರುಗಿ, "ರೀ, ಅದ್ರಾಗೆ ಒಂದು ಎಲೆ ತೊಳ್ದಿಡ್ರಿ. ನಾಳೆ ಮೇಷ್ಟ್ರಿಗೆ ನಮ್ಮನೇಲೇ ಊಟ" ಅಂದಳು.

ನಾನು ಗುದ್ದಲಿ ಕೆಳಗಿಟ್ಟೆ. "ಗೊಬ್ಬರ ಕೊಟ್ಟೋರಿಗೆ ಈ ಎಲೇಲಿ ಬಡಿಸ್ತೀಯೇನೇ?"

"ಅವರಿಗೆ ಬೆಳ್ಳಿ ತಟ್ಟೆ ಐತೆ. ಇದು ನಿಮಗೆ."